ಅತ್ತೆಗೆ ಬರೆದುಕೊಟ್ಟ ಜಪಾನಿನ ಊಟದ ಪಟ್ಟಿ

ಜಪಾನಿಗೆ ಹೋದವರು ಬಿಡದೆ ತಿನ್ನಬೇಕಾದ ತಿನಿಸುಗಳು ಎನ್ನುವ ಪಟ್ಟಿಗಳನ್ನು ಒಂದು ಏಪ್ರಿಲ್‌ನಲ್ಲಿ ಕೂತು ನಾನು ಇಪ್ಪತ್ತಾದರೂ ಓದಿರಬೇಕು. ಎಲ್ಲದರಲ್ಲೂ ಅದೇ ಹತ್ತು ಹನ್ನೆರಡು ಹೆಸರು, ಅದೇ ನೆತ್ತಿಯ ಮೇಲಿನಿಂದ ತೆಗೆದ ಬಟ್ಟಲಿನ ಚಿತ್ರ. ಅವುಗಳ ಮೇಲೆ ನನ್ನ ತಕರಾರು ಒಂದೇ. ತಿನ್ನುವವರು ಯಾರು ಎಂದು ಒಂದು ಪಟ್ಟಿಯೂ ಕೇಳುವುದಿಲ್ಲ. ಹೋಗುವವರ ಬಾಯಲ್ಲಿ ಹಲ್ಲು ಎಷ್ಟು ಉಳಿದಿವೆ, ಸೋಮವಾರ ಏನು ಮುಟ್ಟುವುದಿಲ್ಲ, ಹುಟ್ಟಿದಾಗಿನಿಂದ ಅಗಿದು ಉಂಡವರೋ ನುಂಗಿ ಉಂಡವರೋ, ಇದ್ಯಾವುದೂ ತಿಳಿಯದೆ ‘ಬಿಡದೆ ತಿನ್ನಿ’ ಎನ್ನುವುದು ಸಲಹೆಯಲ್ಲ, ಬರೀ ಸದ್ದು. ಇಷ್ಟೆಲ್ಲ ವಾದ ಮಾಡುವ ನಾನೇ ಅಂಥದೊಂದು ಪಟ್ಟಿ ಬರೆದೆ. ಅದರಲ್ಲಿ ಆ ಇಪ್ಪತ್ತು ಮಂದಿಯೂ ಮಾಡದ ತಪ್ಪು ಮಾಡಿದೆ.

ಆಗ ನಾನು ಮಂಡ್ಯದಲ್ಲಿ ಪದವಿಯ ಕೊನೆಯ ವರ್ಷ ಓದುತ್ತಿದ್ದೆ. ಮನೆ ಮದ್ದೂರಿನಲ್ಲಿ. ಬೆಳಿಗ್ಗೆ ಒಂದು ರೈಲು, ಸಂಜೆ ಒಂದು ರೈಲು, ನಡುವೆ ಒಂದಿಷ್ಟು ಪಾಠ, ಉಳಿದದ್ದೆಲ್ಲ ಚರ್ಚಾ ಸ್ಪರ್ಧೆ. ನಾಲ್ಕು ನಿಮಿಷದ ಮಾತು, ಮೂರನೇ ನಿಮಿಷಕ್ಕೆ ಒಂದು ಗಂಟೆ. ಪರ ಅಂದರೆ ಪರ, ವಿರೋಧ ಅಂದರೆ ವಿರೋಧ, ಚೀಟಿಯಲ್ಲಿ ಏನು ಬಂದರೂ ಸರಿ. ಅಲ್ಲಿ ನಾನು ಕಲಿತ ಮೊದಲ ಪಾಠ, ಎಲ್ಲಿಯೂ ತಡವರಿಸಬಾರದು. ಗೊತ್ತಿರುವುದನ್ನು ಮೆಲ್ಲಗೆ ಹೇಳಿದರೂ ನಡೆಯುತ್ತದೆ, ಗೊತ್ತಿಲ್ಲದ್ದನ್ನು ಮಾತ್ರ ಗಟ್ಟಿಯಾಗಿ ಹೇಳಬೇಕು. ಈ ಪಾಠ ವೇದಿಕೆಯ ಮೇಲೆ ನನಗೆ ಬಹಳ ಬಹುಮಾನ ತಂದುಕೊಟ್ಟಿದೆ. ಮನೆಯಲ್ಲಿ ಅದರಿಂದ ಬಂದದ್ದು ಬೇರೆ.

ಅಪ್ಪನ ಅಕ್ಕ, ನನ್ನ ಸೋದರತ್ತೆ, ಆತಗೂರಿನ ಕಡೆಯ ಒಂದು ಹಳ್ಳಿಯಲ್ಲಿದ್ದಾರೆ. ಅವರದು ಚಾಕಿ ಮನೆ. ಮೊಟ್ಟೆಯಿಂದ ಆಗತಾನೆ ಹೊರಬಂದ ರೇಷ್ಮೆಹುಳುವನ್ನು ಎರಡು ಜ್ವರ ದಾಟುವವರೆಗೆ ಸಾಕಿ, ಆಮೇಲೆ ಸುತ್ತಮುತ್ತಲಿನ ರೈತರಿಗೆ ಹಂಚುವ ಕೆಲಸ. ಜ್ವರ ಅಂದರೆ ಕಾಯಿಲೆಯಲ್ಲ, ಹುಳು ಮೇಯುವುದನ್ನು ಬಿಟ್ಟು, ತಲೆಯೆತ್ತಿ ಸುಮ್ಮನೆ ನಿಂತು, ಹಳೆಯ ಪೊರೆ ಕಳಚುವ ಹೊತ್ತು. ಎಳೆಹುಳುವಿಗೆ ಇಡೀ ಎಲೆ ಹಾಕುವಂತಿಲ್ಲ. ಎಳೆಯ ಹಿಪ್ಪುನೇರಳೆ ಸೊಪ್ಪನ್ನೇ ಆರಿಸಿ ತಂದು, ಮಣೆಯ ಮೇಲೆ ಜೋಡಿಸಿ, ಉಗುರಿನಷ್ಟಗಲದ ಚೌಕಗಳಾಗಿ ಕೊಯ್ದು ಉದುರಿಸಬೇಕು. ಹುಳು ಬೆಳೆದಂತೆ ಚೌಕವೂ ಬೆಳೆಯುತ್ತದೆ. ಅತ್ತೆ ಈ ಕೆಲಸವನ್ನು ಮೂವತ್ತು ವರ್ಷದಿಂದ ಮಾಡುತ್ತಿದ್ದಾರೆ. ತಟ್ಟೆಯ ಹತ್ತಿರ ಕಿವಿಯಿಟ್ಟು, ಮೇಯುವ ಸದ್ದಿನ ಮೇಲೇ ಹುಳು ಹೇಗಿದೆ ಎಂದು ಹೇಳಬಲ್ಲರು. ನನಗೆ ಇದರಲ್ಲಿ ನಂಬಿಕೆಯಿರಲಿಲ್ಲ. ಒಮ್ಮೆ ಅವರ ಕಣ್ಣು ಕಟ್ಟಿಸಿ ಮೂರು ತಟ್ಟೆ ಪರೀಕ್ಷೆ ಮಾಡಿದ್ದೇನೆ. ಮೂರನ್ನೂ ಸರಿಯಾಗಿ ಹೇಳಿದರು. ಮೂರು ಸಲ ಸಾಲದು, ಇನ್ನೂ ಬೇಕು ಅಂದಿದ್ದಕ್ಕೆ ಎದ್ದು ಹೋದರು.

ಕೆಲವು ವರ್ಷಗಳ ಹಿಂದೆ ಜಪಾನಿನಿಂದ ಒಬ್ಬ ಮುದುಕರು ಅವರ ಚಾಕಿ ಮನೆ ನೋಡಲು ಬಂದಿದ್ದರಂತೆ. ಹುಳು ಸಾಕುವುದನ್ನು ಬಲ್ಲವರು. ಭಾಷೆ ಬಾರದು. ತಟ್ಟೆಯ ಪಕ್ಕ ಬಂದು ನಿಂತವರು ಅತ್ತೆಯ ಹಾಗೆಯೇ ಬಾಗಿ, ಕಣ್ಣು ಮುಚ್ಚಿ, ಕಿವಿ ಕೊಟ್ಟು ಕೇಳಿದರಂತೆ. ಆಮೇಲೆ ಅತ್ತೆಯ ಕಡೆ ನೋಡಿ ತಲೆಯಾಡಿಸಿದರಂತೆ. ಅಷ್ಟೇ. ಅತ್ತೆ ಅದನ್ನು ಮರೆತಿರಲಿಲ್ಲ. ಈ ಸಲ ಬೆಳೆಗಾರರ ಒಂದು ಸಂಘ ಆರು ಮಂದಿಯನ್ನು ಒಂಬತ್ತು ದಿನ ಜಪಾನಿನ ಹಿಪ್ಪುನೇರಳೆ ಸೀಮೆಗೆ ಕರೆದುಕೊಂಡು ಹೋಗುತ್ತೇವೆ ಎಂದು ಆರಿಸಿದಾಗ ಅದರಲ್ಲಿ ಅತ್ತೆಯ ಹೆಸರೂ ಇತ್ತು. ಜೂನ್ ಮೊದಲಲ್ಲಿ ಹೊರಡುವುದು, ಅಲ್ಲಿ ಹುಳು ಮೇಯುವ ಕಾಲ. ಬರುತ್ತೇನೋ ಇಲ್ಲವೋ ಎಂದು ಆ ಸೋಮವಾರದೊಳಗೆ ಹೇಳಬೇಕು. ಇಲ್ಲವೆಂದರೆ ಮಳವಳ್ಳಿ ಕಡೆಯ ಇನ್ನೊಬ್ಬರು ಹೋಗುತ್ತಾರೆ.

ಅತ್ತೆಗೆ ಹೋಗುವ ಆಸೆ ಎಷ್ಟಿತ್ತೆಂದರೆ ಅದನ್ನು ಬಾಯಿಬಿಟ್ಟು ಹೇಳುತ್ತಲೇ ಇರಲಿಲ್ಲ. ಅಡ್ಡ ನಿಂತದ್ದು ಊಟ. ಹತ್ತು ವರ್ಷದ ಹಿಂದೆ ಊರ ಹೆಂಗಸರ ಜೊತೆ ಕಾಶಿಗೆ ಹೋಗಿದ್ದಾಗ ಮೂರನೇ ದಿನಕ್ಕೆ ಚಪಾತಿ ಕಂಡರೆ ಹೊಟ್ಟೆ ತೊಳಸಿ, ಬಾಳೆಹಣ್ಣು ಬನ್ನಿನಲ್ಲೇ ದಿನ ನೂಕಿ, ಇಳಿದ ಮೇಲೆ ಸೀದಾ ಮಳವಳ್ಳಿ ಆಸ್ಪತ್ರೆಯಲ್ಲಿ ಗ್ಲೂಕೋಸ್ ಹಾಕಿಸಿಕೊಂಡಿದ್ದರು. ಅವತ್ತಿನಿಂದ ಮಾವ, ಅಂದರೆ ಅತ್ತೆಯ ಗಂಡ, ಮುದ್ದೆ ಸಿಗದ ಊರಿಗೆ ಇವಳನ್ನು ಕಳಿಸುವುದಿಲ್ಲ ಎಂದು ತೀರ್ಮಾನ ಮಾಡಿದ್ದರು. ಮೇಲಾಗಿ ಅತ್ತೆಯ ದವಡೆ ಹಲ್ಲುಗಳೆಲ್ಲ ಹೋಗಿವೆ. ಕಟ್ಟಿಸಿದ ಹಲ್ಲುಸೆಟ್ಟು ಬಿಸ್ಕತ್ತಿನ ಡಬ್ಬಿಯಲ್ಲಿದೆ. ಮುದ್ದೆ ಉಣ್ಣುವುದಕ್ಕೆ ಹಲ್ಲು ಯಾಕೆ ಬೇಕು ಎನ್ನುವುದು ಅವರ ಪ್ರಶ್ನೆ. ನಮ್ಮಲ್ಲಿ ಮುದ್ದೆ ಅಗಿಯುವವರನ್ನು ಕಂಡರೆ ಮಕ್ಕಳೂ ನಗುತ್ತವೆ. ಮುರಿ, ಸಾರಿನಲ್ಲಿ ಹೊರಳಿಸು, ನುಂಗು. ನಾಲಿಗೆ ಬರೀ ದಾರಿ ತೋರಿಸುತ್ತದೆ, ಉಳಿದದ್ದನ್ನು ಗಂಟಲು ನೋಡಿಕೊಳ್ಳುತ್ತದೆ.

ಭಾನುವಾರ ಅತ್ತೆ ಫೋನ್ ಮಾಡಿ, ಬಂದು ನಿಮ್ಮ ಮಾವನಿಗೆ ಒಂದು ಮಾತು ಹೇಳು ಅಂದರು. ನಾನು ವಾದಕ್ಕೆ ಸಿದ್ಧವಾಗುವ ಹಾಗೆಯೇ ಸಿದ್ಧವಾಗಿ, ನೋಟ್ ಪುಸ್ತಕದ ಎರಡು ಹಾಳೆ ತುಂಬಿಸಿಕೊಂಡು ಬಸ್ಸು ಹತ್ತಿದೆ.

ಚಾಕಿ ಮನೆಯ ಮುಂದಿನ ಜಗಲಿಯಲ್ಲಿ ಕೂತೆವು. ಅತ್ತೆ ಕಡ್ಡಿಯಿಂದ ಸೊಪ್ಪು ಬಿಡಿಸುತ್ತಿದ್ದರು, ಮುಖ ಎತ್ತಲಿಲ್ಲ. ಮಾವ ಗೋಡೆಗೊರಗಿ ಕೂತು, ಹೇಳವ್ವ ನಿನ್ನ ಭಾಷಣ, ಎಂದು ಅನುಮತಿ ಕೊಟ್ಟರು. ಅವರು ಹೆಚ್ಚು ಮಾತಾಡುವವರಲ್ಲ, ಒಂದೊಂದೇ ಕಲ್ಲು ಇಡುವವರು.

ಸಾರು ಸಿಗುತ್ತದಾ ಎಂದು ಮೊದಲ ಕಲ್ಲು ಇಟ್ಟರು. ನಾನು ಮಿಸೊ ಸಾರಿನ ಬಗ್ಗೆ ಹೇಳಿದೆ. ಸೋಯಾ ಕಾಳನ್ನು ಬೇಯಿಸಿ, ಉಪ್ಪು ಹಾಕಿ, ತಿಂಗಳುಗಟ್ಟಲೆ ಹುದುಗಿಸಿದ ಗಟ್ಟಿ ಚಟ್ನಿಯಂಥದ್ದು, ಅದನ್ನು ಕದಡಿ ಮಾಡಿದ ಬಿಸಿ ಸಾರು, ಬೆಳಿಗ್ಗೆಯೂ ಕೊಡುತ್ತಾರೆ, ಬಟ್ಟಲನ್ನೇ ಎತ್ತಿ ಕುಡಿಯಬಹುದು, ಯಾರೂ ತಪ್ಪು ತಿಳಿಯುವುದಿಲ್ಲ. ಶಾವಿಗೆ? ಎರಡು ಥರ ಇದೆ ಅಂದೆ. ಕಂದು ಬಣ್ಣದ್ದು ಸೋಬಾ, ಬಿಳಿಯ ದಪ್ಪನೆಯದು ಉದೊನ್. ಸೊರ್ರೆಂದು ಸದ್ದು ಮಾಡಿಯೇ ತಿನ್ನುವುದು ಅಲ್ಲಿ ರೂಢಿ. ಅನ್ನ? ಮೂರು ಹೊತ್ತೂ. ಬಜ್ಜಿ? ಟೆಂಪುರಾ ಎನ್ನುತ್ತಾರೆ, ಕಡಲೆಹಿಟ್ಟಲ್ಲ ಗೋಧಿ ಹಿಟ್ಟು, ಬದನೆಕಾಯಿ, ಕುಂಬಳಕಾಯಿ, ಸಿಗಡಿ ಎಲ್ಲವನ್ನೂ ಅದ್ದಿ ಕರಿಯುತ್ತಾರೆ.

ಮಾವ ಸೋಮವಾರದ ಮಾತು ತೆಗೆದರು. ಅವರು ವೈದ್ಯನಾಥಪುರದ ಶಿವನ ಒಕ್ಕಲು. ಬೇರೆ ದಿನ ಬಾಡೂ ಆಗುತ್ತದೆ ಮೀನೂ ಆಗುತ್ತದೆ, ಸೋಮವಾರ ಮಾತ್ರ ಮೀನಿನ ವಾಸನೆ ತಾಗಿದ ಪಾತ್ರೆಯೂ ಆಗುವುದಿಲ್ಲ. ಇದು ನಿಜವಾಗಿ ಗಟ್ಟಿ ಕಲ್ಲು, ಏಕೆಂದರೆ ಆ ಮಿಸೊ ಸಾರಿನ ತಳದಲ್ಲೇ ಒಣಮೀನಿನ ತಿಳಿ ಇರುತ್ತದೆ. ಕೇಳುವ ಮೊದಲೇ ನಾನೇ ಒಪ್ಪಿಕೊಂಡುಬಿಟ್ಟೆ. ಚಿಕ್ಕದನ್ನು ಒಪ್ಪಿಕೊಂಡರೆ ದೊಡ್ಡದು ಸಿಗುತ್ತದೆ. ಬೌದ್ಧ ಗುಡಿಗಳ ಊಟ ಬೇರೆಯೇ ಇದೆ, ಅದರಲ್ಲಿ ಮೀನೂ ಇಲ್ಲ, ಈರುಳ್ಳಿ ಬೆಳ್ಳುಳ್ಳಿಯೂ ಇಲ್ಲ, ಅದು ಸಿಗದಿದ್ದರೆ ಬಿಳಿ ಅನ್ನ, ಉಪ್ಪಿನಲ್ಲಿ ಹಾಕಿದ ಹುಳಿ ಹಣ್ಣು, ಎಳ್ಳು ಅರೆದು ಕಲಸಿದ ಸೊಪ್ಪು, ಎಂದೆ. ಎಳ್ಳು ಸೊಪ್ಪು ಅನ್ನುವಾಗ ಅತ್ತೆಯ ಕೈ ಒಂದು ಕ್ಷಣ ನಿಂತಿತು.

ಇನ್ನೊಂದು ವಿಷಯವನ್ನು ಪ್ರಾಮಾಣಿಕವಾಗಿ ಹೇಳಿದೆ. ಅವರು ಹೋಗುವ ಸೀಮೆಯಲ್ಲಿ ರೇಷ್ಮೆಹುಳುವಿನ ಗೂಡೊಳಗಿನ ಹುಳುವನ್ನೇ ಸಿಹಿ ಸೋಯಾ ರಸದಲ್ಲಿ ಬೇಯಿಸಿ ತಿನ್ನುವ ಹಳೆಯ ಅಭ್ಯಾಸವಿದೆ. ಅತ್ತೆ ಮೊದಲ ಸಲ ತಲೆಯೆತ್ತಿದರು.

“ಸಾಕ್ದೋರೇ ತಿಂತಾರಾ?”

ಸಾಕಿದವರೇ, ಅಂದೆ. ರಾಮನಗರದ ಗೂಡಿನ ಮಾರುಕಟ್ಟೆಗೆ ನಮ್ಮ ರೈತರು ಕಳಿಸುವ ಗೂಡೂ ಬಿಸಿನೀರಿಗೇ ಬೀಳುವುದು, ಹುಳು ಅಲ್ಲಿಯೂ ಸಾಯುತ್ತದೆ, ತಿಂದರೆ ಮಾತ್ರ ಪಾಪ ಹೇಗಾಗುತ್ತದೆ ಎಂದು ಕೇಳಿದೆ.

“ಅದು ನನ್ ಕಣ್ಮುಂದೆ ಅಲ್ವಲ್ಲ. ನಿನ್ನ ನ್ಯಾಯ ನಿನ್ನತ್ರನೇ ಇಟ್ಕೊ. ಆ ಬಟ್ಲ ನನ್ ಮುಂದೆ ತರಬ್ಯಾಡಿ ಅನ್ನೋಕೆ ಜಪಾನಿ ಮಾತಲ್ಲಿ ಏನಂತಾರೆ, ಅದ ಬರ್ಕೊಡು.”

ಮಾವ ನಕ್ಕರು. ಆಮೇಲೆ ನಗು ಒರೆಸಿಕೊಂಡು, ಕೊನೆಗೆ ಇಡಬೇಕೆಂದು ಇಟ್ಟುಕೊಂಡಿದ್ದ ಕಲ್ಲನ್ನು ತೆಗೆದರು. “ಎಲ್ಲಾ ಸರಿ. ಮುದ್ದೆ?”

ನನ್ನ ಬಳಿ ಅದಕ್ಕೂ ಉತ್ತರವಿತ್ತು, ಅದನ್ನು ನಾನೂ ಕೊನೆಗೇ ಇಟ್ಟುಕೊಂಡಿದ್ದೆ. ಅವರಿಗೂ ಮುದ್ದೆ ಇದೆ ಮಾವ, ಅಂದೆ. ಮೋಚಿ ಎನ್ನುತ್ತಾರೆ. ಅಂಟು ಅಕ್ಕಿಯನ್ನು ಆವಿಯಲ್ಲಿ ಬೇಯಿಸಿ, ಒರಳಿಗೆ ಹಾಕಿ, ದೊಡ್ಡ ಮರದ ಸುತ್ತಿಗೆಯಲ್ಲಿ ಜಜ್ಜಿ ಜಜ್ಜಿ ಮುದ್ದೆ ಮಾಡುತ್ತಾರೆ. ಒಬ್ಬರು ಜಜ್ಜಿದರೆ ಇನ್ನೊಬ್ಬರು ಕೈ ಒದ್ದೆ ಮಾಡಿಕೊಂಡು ತಿರುವುತ್ತಾರೆ, ನಾವು ಕೋಲಿನಲ್ಲಿ ತಿರುವುವ ಹಾಗೆಯೇ. ಅದನ್ನು ಉದೊನ್ ಸಾರಿನಲ್ಲಿ ಹಾಕಿ ಕೊಟ್ಟರೆ ಶಕ್ತಿಯ ಉದೊನ್ ಎಂದೇ ಹೆಸರು. ಮುದ್ದೆ ಉಂಡರೆ ಶಕ್ತಿ ಎಂದು ನೀವು ಹೇಳುವುದೂ ಅದೇ ತಾನೇ?

ಅತ್ತೆ ಸೊಪ್ಪನ್ನು ಮಡಿಲಿನಿಂದ ಕೆಳಗಿಟ್ಟರು.

“ನುಂಗ್ಬೋದಾ?”

ನಾನು ಅದನ್ನು ಎಲ್ಲಿಯೂ ಓದಿರಲಿಲ್ಲ. ಹುಡುಕಿಯೂ ಇರಲಿಲ್ಲ. ಆದರೆ ಗಂಟೆ ಬಾರಿಸುವ ಹೊತ್ತಿನಲ್ಲಿ ತಡವರಿಸುವುದು ನನಗೆ ಗೊತ್ತಿರಲಿಲ್ಲ.

“ನುಂಗ್ಬೋದು,” ಅಂದೆ.

ಅತ್ತೆ ಎದ್ದು ಕೈ ತೊಳೆದು, ಮರುದಿನಕ್ಕೂ ಕಾಯದೆ ಸಂಘದವರಿಗೆ ಫೋನ್ ಮಾಡಿ, ಬರುತ್ತೇನೆ ಎಂದು ಹೇಳಿಬಿಟ್ಟರು. ಮಾವ ಎದ್ದು ತೋಟದ ಕಡೆ ಹೋದರು. ನಾನು ಗೆದ್ದಿದ್ದೆ.

ಬುಧವಾರ ಸಂಜೆ ಕಾಲೇಜಿನಿಂದ ಬರುವಾಗ, ಬೇರೊಂದು ರೈಲಿಗೆ ದಾರಿ ಬಿಡಲೆಂದು ನಮ್ಮ ರೈಲನ್ನು ಯಲಿಯೂರಿನಲ್ಲಿ ನಿಲ್ಲಿಸಿದ್ದರು. ಪಟ್ಟಿಯನ್ನು ಚೆನ್ನಾಗಿ ಬರೆದುಕೊಡಬೇಕೆಂದು ಫೋನಿನಲ್ಲಿ ಮೋಚಿಯ ಬಗ್ಗೆ ಇನ್ನೊಮ್ಮೆ ಹುಡುಕಿದೆ. ಜಪಾನಿನಲ್ಲಿ ಪ್ರತಿ ಹೊಸ ವರ್ಷಕ್ಕೆ, ಮನೆಮನೆಯಲ್ಲೂ ಮೋಚಿ ಮಾಡುವ ದಿನಗಳಲ್ಲಿ, ವಯಸ್ಸಾದವರ ಗಂಟಲಿಗೆ ಅದು ಸಿಕ್ಕಿ ಉಸಿರು ಕಟ್ಟುತ್ತದೆ, ಕೆಲವರು ಸಾಯುತ್ತಾರೆ, ಅದಕ್ಕೇ ಚಿಕ್ಕ ಚಿಕ್ಕದಾಗಿ ಕತ್ತರಿಸಿ, ಚೆನ್ನಾಗಿ ಅಗಿದು ತಿನ್ನಿ ಎಂದು ಅಲ್ಲಿನವರಿಗೆ ಅಲ್ಲಿನವರೇ ಎಚ್ಚರಿಕೆ ಕೊಡುತ್ತಾರೆ ಎಂದು ಬರೆದಿತ್ತು. ಬೇರೆ ಕಡೆ ನೋಡಿದೆ. ಅಲ್ಲಿಯೂ ಅದೇ. ಸಂದೇಹ ನನ್ನ ಕಸುಬು, ಆದರೆ ಇದರಲ್ಲಿ ಸಂದೇಹ ಪಡುವಂಥದ್ದು ಏನೂ ಉಳಿಯಲಿಲ್ಲ. ಮುದ್ದೆ ಗಂಟಲಲ್ಲಿ ಜಾರುತ್ತದೆ. ಮೋಚಿ ಹಿಡಿದುಕೊಳ್ಳುತ್ತದೆ.

ಆಗಲೇ ಫೋನ್ ಮಾಡಬೇಕಿತ್ತು, ಮಾಡಲಿಲ್ಲ. ಹೇಳಿದರೆ ಮಾವ ಗೆಲ್ಲುತ್ತಾರೆ, ಅತ್ತೆ ಹೋಗುವುದಿಲ್ಲ ಎಂದು ನನಗೆ ನಾನೇ ವಾದ ಮಾಡಿಕೊಂಡೆ. ಮೂರು ದಿನ ಮಾಡಿಕೊಂಡೆ. ಪಟ್ಟಿಯ ಕೊನೆಯಲ್ಲಿ, ಹದಿನಾಲ್ಕನೆಯ ಸಾಲಿನಲ್ಲಿ, ಸಣ್ಣ ಅಕ್ಷರದಲ್ಲಿ ‘ಮೋಚಿ: ನಿಧಾನವಾಗಿ ತಿನ್ನುವುದು’ ಎಂದು ಬರೆದು ಬಿಡುವ ಯೋಚನೆಯೂ ಬಂದಿತ್ತು. ಚರ್ಚೆಯಲ್ಲಿ ನಮ್ಮ ಪಕ್ಷಕ್ಕೆ ಕೇಡು ಮಾಡುವ ಮಾತನ್ನು ನಾವೇ ಎತ್ತಬಾರದು, ಬೇಕಾದರೆ ಎದುರಿನವರು ಹುಡುಕಿಕೊಳ್ಳಲಿ. ಆದರೆ ಚರ್ಚೆಯಲ್ಲಿ ತೀರ್ಪುಗಾರರು ನಾವು ಹೇಳಿದ್ದನ್ನು ಗಂಟಲಿಗೆ ಇಳಿಸಿಕೊಳ್ಳುವುದಿಲ್ಲ. ಈ ವ್ಯತ್ಯಾಸ ನನಗೆ ಹೊಳೆಯುವುದಕ್ಕೆ ಮೂರು ದಿನ ಬೇಕಾಯಿತು.

ಹೇಳಲೇಬೇಕಾದರೆ ಪರಿಹಾರದ ಸಮೇತ ಹೇಳೋಣ ಎಂದು ತೀರ್ಮಾನಿಸಿದೆ. ಬೆಂಗಳೂರಿನಿಂದ ಓಡಾಡುವ ಗೆಳತಿಯೊಬ್ಬಳಿಂದ ಒಣ ಮೋಚಿಯ ಒಂದು ಪೊಟ್ಟಣ ತರಿಸಿದೆ. ಬಿಳಿಯ ಗಟ್ಟಿ ಬಿಲ್ಲೆಗಳು, ಬಟ್ಟೆ ಸೋಪಿನ ತುಂಡಿನ ಹಾಗೆ. ನೀರಿನಲ್ಲಿ ಕುದಿಸಿದರೆ ಮೆತ್ತಗಾಗುತ್ತವೆ. ಅತ್ತೆಯ ಮುಂದೆ ಕೂತು, ಇದು ಹೀಗೆ, ಇದನ್ನು ಅಗಿದೇ ತಿನ್ನಬೇಕು, ನೋಡು ಎಂದು ತಿಂದು ತೋರಿಸಿದರೆ ಅಲ್ಲಿಗೆ ಮುಗಿಯಿತು ಅಂದುಕೊಂಡೆ.

ಅದರ ಮುಂದಿನ ವಾರ, ಭಾನುವಾರ ಮಧ್ಯಾಹ್ನ ಅತ್ತೆಯ ಅಡುಗೆಮನೆಯಲ್ಲಿ ಬಿಲ್ಲೆಗಳನ್ನು ಕುದಿಸಿದೆ. ಒಲೆಯ ಮೇಲೆ ಹುರುಳಿಕಾಳಿನ ಬಸ್ಸಾರು ಇತ್ತು. ಮೋಚಿಯ ಜೊತೆಗೆ ಅದನ್ನೇ ಬಡಿಸಿದೆ. ಮೂವರೂ ನೆಲದ ಮೇಲೆ ತಟ್ಟೆ ಇಟ್ಟುಕೊಂಡು ಕೂತೆವು. ನಾನು ಯಲಿಯೂರಿನಲ್ಲಿ ಓದಿದ್ದನ್ನೆಲ್ಲ ಹೇಳಿದೆ. ನುಂಗಬಹುದು ಅಂದದ್ದು ತಪ್ಪು, ನೋಡದೆ ಹೇಳಿದೆ, ಎಂದೂ ಹೇಳಿದೆ. ಅದನ್ನು ಹೇಳುವಾಗ ಮಾತ್ರ ನನ್ನ ದನಿ ಸಣ್ಣದಾಗಿತ್ತು. ಅತ್ತೆ ಬೈಯಲಿಲ್ಲ. ತಟ್ಟೆಯಲ್ಲಿದ್ದ ಬಿಳಿಯ ಮುದ್ದೆಯನ್ನು ಬೆರಳಲ್ಲಿ ಒತ್ತಿ ನೋಡುತ್ತಿದ್ದರು.

ಮಾವ ಮೆಲ್ಲಗೆ ಹೇಳಿದರು. “ಅರವತ್ತು ವರ್ಷ ನುಂಗಿದ ಗಂಟ್ಲು ಕಣವ್ವ. ಅಗೀಬೇಕು ಅಂತ ಅದಕ್ಕೆ ನೆಪ್ಪಿರ್ತದಾ?”

ಇದಕ್ಕೆ ಉತ್ತರ ಕೊಡದೆ ಬಿಡುವುದು ನನ್ನಿಂದ ಸಾಧ್ಯವಿರಲಿಲ್ಲ. ಅಭ್ಯಾಸ ಅನ್ನುವುದು ಮನಸ್ಸಿನ ಸೋಮಾರಿತನ ಅಷ್ಟೇ, ಗಮನವಿಟ್ಟರೆ ಯಾವ ಅಭ್ಯಾಸವನ್ನಾದರೂ ಬದಲಿಸಬಹುದು, ನನ್ನನ್ನೇ ನೋಡಿ, ನಾನೂ ಹುಟ್ಟಿದಾಗಿನಿಂದ ಮುದ್ದೆಯನ್ನೇ ಉಂಡವಳು, ಎನ್ನುತ್ತಾ ಮೋಚಿಯ ಒಂದು ತುದಿಯನ್ನು ಎಳೆದು ಕಿತ್ತು, ಬಸ್ಸಾರಿನಲ್ಲಿ ಹೊರಳಿಸಿ, ಬಾಯಿಗಿಟ್ಟುಕೊಂಡು, ಮುಂದಿನ ವಾಕ್ಯಕ್ಕೆ ಜಾಗ ಬೇಕೆಂದು ನುಂಗಿದೆ.

ಒಂದು ಸಲವೂ ಅಗಿಯಲಿಲ್ಲ. ಎಚ್ಚರಿಕೆಯನ್ನು ಓದಿದವಳು ನಾನು, ಹೇಳಿದವಳು ನಾನು. ಬೆರಳಿಗೆ ಸಾರು ತಾಗಿತು, ನಾಲಿಗೆಗೆ ಬಸ್ಸಾರಿನ ಖಾರ ತಾಗಿತು, ಗಂಟಲು ತನಗೆ ಗೊತ್ತಿದ್ದ ಕೆಲಸ ಮಾಡಿತು. ಅರ್ಧ ದಾರಿಯಲ್ಲಿ ಅದು ನಿಂತುಬಿಟ್ಟಿತು. ಮುಂದಿನ ವಾಕ್ಯ ಬರಲಿಲ್ಲ. ಉಸಿರೂ ಬರಲಿಲ್ಲ. ನನಗೆ ನೆನಪಿರುವುದು ಮಾವನ ಮುಖವಲ್ಲ, ಅವರು ನನ್ನನ್ನು ಮುಂದಕ್ಕೆ ಬಗ್ಗಿಸಿ, ಬೆನ್ನಿನ ಮೇಲೆ ಅಂಗೈ ಬುಡದಿಂದ ಕೊಟ್ಟ ಗುದ್ದುಗಳು. ನಾಲ್ಕನೆಯದಕ್ಕೋ ಐದನೆಯದಕ್ಕೋ ಅದು ಹೊರಬಂದು ತಟ್ಟೆಗೆ ಬಿತ್ತು. ಬಿದ್ದ ಮೇಲೆ ನೋಡಿದರೆ ಒಂದು ಅಡಿಕೆಯಷ್ಟೂ ಇರಲಿಲ್ಲ.

ಅತ್ತೆ ನೀರು ಕೊಟ್ಟರು. ಗೆದ್ದ ಮಾತನ್ನು ಮಾವ ಆಡುತ್ತಾರೆ ಎಂದು ಕಾದೆ. ಆಡಿದ್ದರೆ ನನಗೆ ಹಗುರವಾಗುತ್ತಿತ್ತು, ಅದಕ್ಕೆ ಎದುರು ಹೇಳುವುದು ನನಗೆ ಗೊತ್ತು. ಅವರು ಕೈಯನ್ನು ಪಂಚೆಗೆ ಒರೆಸಿಕೊಂಡು, ನನ್ನನ್ನು ಬಿಟ್ಟು ಅತ್ತೆಯನ್ನು ನೋಡಿದರು.

“ಅಲ್ಲಿ ಬೆನ್ನಿಗ್ ಗುದ್ದಕ್ಕೆ ನಾನಿರ್ತೀನಾ?”

ಹತ್ತು ವರ್ಷದಿಂದ ಅವರು ಮುದ್ದೆ, ಸಾರು, ಸೋಮವಾರ ಎಂದು ಹೇಳುತ್ತಾ ಬಂದದ್ದರ ಅಡಿಯಲ್ಲಿ ಇದ್ದದ್ದು ಇಷ್ಟೇ ಎಂದು ನನಗೆ ಆಗ ಗೊತ್ತಾಯಿತು. ನಾನು ಅದುವರೆಗೆ ಉತ್ತರ ಕೊಟ್ಟದ್ದೆಲ್ಲ ಅವರು ಕೇಳದ ಪ್ರಶ್ನೆಗಳಿಗೆ.

ಅತ್ತೆ ಎದ್ದು ಚಾಕಿ ಮನೆಗೆ ಹೋದರು. ಮುಗಿಯಿತು, ಇನ್ನು ಸಂಘದವರಿಗೆ ಫೋನ್ ಮಾಡುತ್ತಾರೆ ಅಂದುಕೊಂಡೆ. ಅವರು ಸೊಪ್ಪು ಕೊಯ್ಯುವ ಮಣೆ ಮತ್ತು ಕತ್ತಿಯನ್ನು ತೊಳೆದು ತಂದು ನೆಲದ ಮೇಲಿಟ್ಟು ಕೂತರು. ತಮ್ಮ ತಟ್ಟೆಯ ಮೋಚಿಯನ್ನು ಮಣೆಯ ಮೇಲೆ ಹಾಕಿ, ಕತ್ತಿಯನ್ನು ನೀರಿಗೆ ಅದ್ದಿ, ಒಂದು ಸಲ ಉದ್ದಕ್ಕೆ, ಒಂದು ಸಲ ಅಡ್ಡಕ್ಕೆ ಕೊಯ್ಯತೊಡಗಿದರು. ಪ್ರತಿ ಸಲವೂ ಕತ್ತಿ ನೀರಿಗೆ. ಅಂಟು ಮಣೆಗೂ ಹಿಡಿಯಲಿಲ್ಲ, ಕತ್ತಿಗೂ ಹಿಡಿಯಲಿಲ್ಲ. ಮಣೆಯ ಮೇಲೆ ಉಗುರಿನ ಅರ್ಧದಷ್ಟಗಲದ ಬಿಳಿ ಚೌಕಗಳು ಸಾಲಾಗಿ ಕೂತವು. ಮೊದಲ ಜ್ವರಕ್ಕೂ ಮುಂಚಿನ ಹುಳುವಿಗೆ ಅವರು ಕೊಯ್ಯುವ ಅಳತೆ ಅದು. ಕಣ್ಣು ಕಟ್ಟಿದರೂ ಅವರ ಕೈ ತಪ್ಪುವುದಿಲ್ಲ, ಅದನ್ನು ನಾನು ಪರೀಕ್ಷೆ ಮಾಡುವ ಅಗತ್ಯವಿರಲಿಲ್ಲ.

ಒಂದು ಚೌಕವನ್ನು ಎತ್ತಿ ಬಾಯಿಗಿಟ್ಟುಕೊಂಡರು. ಸಾರಿಗೆ ಅದ್ದಲಿಲ್ಲ. ಮುಂದಿನ ಹಲ್ಲುಗಳಲ್ಲಿ, ಕಣ್ಣು ಮುಚ್ಚಿಕೊಂಡು ಅಗಿದರು. ಆ ಮುಖವನ್ನು ನಾನು ನೋಡಿದ್ದೇನೆ, ತಟ್ಟೆಯ ಮೇಲೆ ಬಾಗಿ ಹುಳು ಮೇಯುವುದನ್ನು ಕೇಳುವಾಗ ಹೀಗೇ ಇರುತ್ತದೆ. ಮಾವ ಅವರ ಬೆನ್ನ ಹಿಂದೆಯೇ ಕೈ ಸಿದ್ಧವಾಗಿಟ್ಟುಕೊಂಡು ಕೂತಿದ್ದರು. ಇಡೀ ಬಾಯಿ ಖಾಲಿಯಾದ ಮೇಲೆಯೇ ಅತ್ತೆ ಎರಡನೆಯ ಚೌಕ ತೆಗೆದುಕೊಂಡರು.

“ರುಚಿಯೇನಿಲ್ಲ, ಬರೀ ಅಕ್ಕಿ,” ಅಂದರು ಕೊನೆಗೆ. “ಸಾರಿಗೆ ಅದ್ದುದ್ರೆ ನುಂಗ್ಬುಡ್ತೀವಿ. ಅದ್ದಬಾರ್ದು, ಅಷ್ಟೇಯ.” ಆಮೇಲೆ ನನ್ನ ಕಡೆ ತಿರುಗಿದರು. “ನೀನು ಏನ್ ತಿನ್ನಬೇಕು ಅಂತ ಬರ್ದಿದ್ದೀಯ. ಎಂಗ್ ತಿನ್ನಬೇಕು ಅಂತ ಬರಿ.”

ಹಾಗಾದರೆ ಹೋಗುತ್ತೀಯಾ ಎಂದು ಮಾವ ಕೇಳಿದರು. ಓಗ್ತೀನಿ, ಅಂದರು ಅತ್ತೆ. ಮಾವ ಸ್ವಲ್ಪ ಹೊತ್ತು ಆ ಚೌಕಗಳನ್ನು ನೋಡಿ, ತಾವೂ ಒಂದನ್ನು ಎತ್ತಿಕೊಂಡು, ಬಹಳ ಕಷ್ಟಪಟ್ಟು ಅಗಿದರು. ಕತ್ತಿಯನ್ನು ವಿಮಾನದಲ್ಲಿ ಕೈಚೀಲದಲ್ಲಿ ಬಿಡುವುದಿಲ್ಲ ಎಂದು ನಾನು ಹೇಳಬೇಕಾಯಿತು. ಅದರ ಬದಲು ಕತ್ತರಿಯನ್ನು ದೊಡ್ಡ ಪೆಟ್ಟಿಗೆಗೆ ಹಾಕುವುದೆಂದು ಮೂವರೂ ಒಪ್ಪಿದೆವು. ಮಾವ ಮದ್ದೂರಿಗೆ ಹೋಗಿ ಹೊಸ ಕತ್ತರಿಯನ್ನು ಅವರೇ ಆರಿಸಿ ತಂದರು.

ಪಟ್ಟಿಯನ್ನು ಮತ್ತೆ ಬರೆದೆ. ಹಳೆಯದರಲ್ಲಿದ್ದ ಎಷ್ಟೋ ಹೆಸರುಗಳನ್ನು ಹೊಡೆದು ಹಾಕಿದೆ, ಉಳಿದವುಗಳ ಮುಂದೆ ಕೈಯ, ಬಾಯಿಯ ಕೆಲಸ ಬರೆದೆ. ಸೋಬಾವನ್ನು ತಣ್ಣಗೆ ಕೊಟ್ಟರೆ ಪಕ್ಕದ ಬಟ್ಟಲಿನ ರಸಕ್ಕೆ ಅದ್ದಿ ಸೊರ್ರೆನ್ನಿಸುವುದು, ಅದು ಜಾರುವ ತಿನಿಸು, ಹೆದರಬೇಕಿಲ್ಲ. ತೋಫುವಿಗೆ ಹಲ್ಲೇ ಬೇಡ. ಅನ್ನದ ಉಂಡೆಗೆ ಓನಿಗಿರಿ ಎನ್ನುತ್ತಾರೆ, ಸುತ್ತಿದ ಕಪ್ಪು ಕಡಲ ಪಾಚಿಯ ಹಾಳೆ ನಾರು ನಾರು, ಹಲ್ಲಿಗೆ ಒಗ್ಗದಿದ್ದರೆ ಬಿಚ್ಚಿ ಪಕ್ಕಕ್ಕಿಡುವುದು. ಹುಳಿ ಹಣ್ಣಿನೊಳಗೆ ಕಲ್ಲಿನಂಥ ಬೀಜವಿರುತ್ತದೆ. ನಟ್ಟೋ ಎನ್ನುವ ಹುದುಗಿಸಿದ ಕಾಳು ಅಂಟಂಟು, ವಾಸನೆಯೂ ಇದೆ, ಆದರೆ ನಮ್ಮ ಮನೆಯಲ್ಲಿ ಮಳೆಗಾಲದ ಒಣಮೀನಿನ ವಾಸನೆ ಸಹಿಸಿದವರು ಅದಕ್ಕೆ ಮೂಗು ಮುಚ್ಚಬಾರದು. ಸುಶಿ ಅಂದರೆ ಹುಳಿ ಬೆರೆಸಿದ ಅನ್ನದ ಮೇಲೆ ಹಸಿಮೀನು, ಬೇಡವೆಂದು ತಲೆಯಾಡಿಸಿದರೆ ಯಾರೂ ಬಲವಂತ ಮಾಡುವುದಿಲ್ಲ. ಗೂಡಿನ ಹುಳುವಿನ ಬಟ್ಟಲು ಬಂದರೆ ಎರಡೂ ಕೈ ಜೋಡಿಸಿ ಹಿಂದಕ್ಕೆ ಸರಿಯುವುದು. ಮೋಚಿಯನ್ನು ಕೊನೆಯಿಂದ ಮೊದಲಿಗೆ ತಂದು, ದೊಡ್ಡ ಅಕ್ಷರದಲ್ಲಿ ಬರೆದೆ: ಸಾರಿನಿಂದ ಎತ್ತು, ಕತ್ತರಿಸು, ಅದ್ದಬೇಡ, ಮಾತಾಡಬೇಡ, ಅಗಿ. ‘ಮಾತಾಡಬೇಡ’ ಎನ್ನುವುದನ್ನು ಓದಿ ಅತ್ತೆ, ಇದು ನಿನಗೆ ಬರೆದುಕೊಂಡದ್ದಾ ಎಂದು ಕೇಳಿದರು.

ಜೂನ್‌ನಲ್ಲಿ ಹೊರಟರು. ಒಂಬತ್ತು ದಿನವೂ ಮಾವ ಚಾಕಿ ಮನೆಯ ಸೊಪ್ಪು ಕೊಯ್ದರು. ನಾನು ಪರೀಕ್ಷೆ ಮುಗಿಸಿ ಅವರಿಗೆ ಕೈಜೋಡಿಸಲು ಹೋಗಿದ್ದೆ. ನಾನು ಕೊಯ್ದ ಚೌಕಗಳು ಒಂದರ ಹಾಗೆ ಒಂದು ಇರಲಿಲ್ಲ. ಮಾವ ಅವನ್ನು ಬೇರೆ ಮಾಡಿ, ದೊಡ್ಡ ಹುಳುಗಳ ತಟ್ಟೆಗೆ ಹಾಕುತ್ತಿದ್ದರು. ಫೋನನ್ನು ಮಾತ್ರ ಬನಿಯನ್ನಿನ ಜೇಬಿನಿಂದ ಕೆಳಗಿಡುತ್ತಿರಲಿಲ್ಲ.

ಆರನೆಯ ದಿನ ಬೆಳಿಗ್ಗೆ ಫೋನ್ ಬಂತು. ಅಲ್ಲಿ ಆಗ ಮಧ್ಯಾಹ್ನದ ಊಟ ಮುಗಿದಿತ್ತು. ಮಾವ ನನಗೂ ಕೇಳಲೆಂದು ಫೋನನ್ನು ಮಣೆಯ ಪಕ್ಕ ಇಟ್ಟರು. ಸೋಮವಾರ ಅನ್ನ, ಹುಳಿ ಹಣ್ಣು, ಎಳ್ಳು ಸೊಪ್ಪಿನಲ್ಲಿ ಕಳೆಯಿತಂತೆ, ಎಳ್ಳು ಸೊಪ್ಪು ನಮ್ಮ ಹುಚ್ಚೆಳ್ಳಿನ ಪಲ್ಯದ ಹತ್ತಿರ ಬರುತ್ತದಂತೆ, ಸಿಹಿ ಸ್ವಲ್ಪ ಹೆಚ್ಚು. ಗೂಡಿನ ಹುಳು ಬಂದಿತ್ತಂತೆ, ಕೈಜೋಡಿಸಿದರಂತೆ. ಅವತ್ತು ಹಿಪ್ಪುನೇರಳೆ ತೋಟದ ಪಕ್ಕದ ಒಂದು ಮನೆಯಲ್ಲಿ ಊಟ. ಉದೊನ್ ಬಟ್ಟಲಿನಲ್ಲಿ ಮೋಚಿ ಬಂತು. ಜೊತೆಯವರೆಲ್ಲ ನೋಡುತ್ತಿರುವಾಗ ಕೈಚೀಲದಿಂದ ಕತ್ತರಿ ತೆಗೆಯುವುದಕ್ಕೆ ಅತ್ತೆಗೆ ನಾಚಿಕೆಯಾಯಿತಂತೆ, ಆದರೂ ತೆಗೆದರಂತೆ.

“ಆ ಮನೆ ಅಜ್ಜಿ ನನ್ನೇ ನೋಡ್ತಾ ಇತ್ತು. ಎಂಬತ್ತಾಗಿರಬೇಕು. ಎದ್ದು ಒಳಗೋಯ್ತು. ಬೇಜಾರಾಯ್ತೇನೋ ಅನ್ಕೊಂಡೆ. ಬಂದಾಗ ಅದ್ರ ಕೈಲೂ ಕತ್ರಿ.”

ಇಬ್ಬರೂ ಎದುರುಬದುರು ಕೂತು ಕತ್ತರಿಸಿ ತಿಂದರಂತೆ. ಅತ್ತೆಯ ಚೌಕ ನೋಡಿ ಆ ಅಜ್ಜಿ ತನ್ನದನ್ನು ಇನ್ನೂ ಚಿಕ್ಕದಾಗಿ ಕೊಯ್ದುಕೊಂಡರಂತೆ. ಊಟವಾದ ಮೇಲೆ ಹುಳು ಮನೆಗೆ ಕರೆದುಕೊಂಡು ಹೋದರಂತೆ.

ಮಾವ ಫೋನಿಗೆ ಬಾಗಿ, ಗಂಟಲು ಸರಿಯಾಗಿದೆಯಾ ಎಂದು ಮಾತ್ರ ಕೇಳಿದರು. ಹುಳು ಹೇಗಿದೆ ಎಂದು ನಾನು ಕೇಳಿದೆ. ಅದೇ ಸದ್ದು ಕಣೆ, ಅಂದರು ಅತ್ತೆ. ಒಂದು ಮನೆಯ ಸದ್ದು ಕೇಳಿ ಇಡೀ ದೇಶದ್ದು ಅದೇ ಎಂದು ಹೇಗೆ ಹೇಳುತ್ತೀಯ ಎನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ಹೇಳಲಿಲ್ಲ.

ಅತ್ತೆ ವಾಪಸು ಬಂದ ದಿನ ಮಾವ ತಾವೇ ಮುದ್ದೆ ತಿರುವಿದ್ದರು. ಸ್ವಲ್ಪ ಗಂಟು ಗಂಟಾಗಿತ್ತು. ಅವರೆಕಾಳಿನ ಕಾಲವಲ್ಲದ್ದರಿಂದ ಹುರುಳಿಕಾಳಿನ ಬಸ್ಸಾರೇ. ಅತ್ತೆ ಕೈಕಾಲು ತೊಳೆದು ಬಂದು ಕೂತು, ಮುದ್ದೆ ಮುರಿದು, ಸಾರಿನಲ್ಲಿ ಹೊರಳಿಸಿ ಬಾಯಿಗಿಟ್ಟುಕೊಂಡರು. ನಾವಿಬ್ಬರೂ ನೋಡುತ್ತಿದ್ದೆವು. ಅವರ ದವಡೆ ಮೇಲೆ ಕೆಳಗೆ ಆಡುತ್ತಿತ್ತು. ಒಂದು, ಎರಡು, ಮೂರು. ರಾಗಿ ಹಲ್ಲಿಗೆ ಮೆತ್ತಿಕೊಂಡು ಮುಖ ಒಂಥರಾ ಆಯಿತು.

“ಏನು, ಮರ್ತೋಯ್ತಾ?” ಅಂದರು ಮಾವ.

ಅತ್ತೆ ಬಾಯಿ ತುಂಬಿದ್ದರಿಂದ ಮಾತಾಡಲಿಲ್ಲ. ಇರಿ ಎಂದು ಕೈಯೆತ್ತಿ ಸನ್ನೆ ಮಾಡಿ, ಅಗಿದು ಮುಗಿಸಿದರು. ಎರಡನೆಯ ತುತ್ತನ್ನು ನುಂಗಿದರು.